ಬಸ್ಸಿನ ಕಾಲು

ಆ ಮನೆಯವರಿಗೆ ನೆಟ್ಟಗೆ ನಡೆಯುವವರನ್ನು ಕಂಡರೆ ಒಂಥರಾ ಅನುಮಾನ. "ಅವನು ಜೀವಮಾನದಲ್ಲಿ ಒಂದು ದಿನವೂ ಮೈಬಗ್ಗಿಸಿ ದುಡಿದವನಲ್ಲ ಬಿಡು" ಎಂದು ಅಪ್ಪ ಬಾಗಿಲಲ್ಲಿ ಕೂತು ದಾರಿಹೋಕರಿಗೆಲ್ಲ ತೀರ್ಪು ಕೊಡುತ್ತಿದ್ದರು. ಅಜ್ಜ ಬಸ್ ಕಂಡಕ್ಟರ್, ಅಪ್ಪ ಬಸ್ ಕಂಡಕ್ಟರ್, ಆಮೇಲೆ ಅಣ್ಣನೂ ಅದೇ. ಮೂವರೂ ನಲವತ್ತರ ಹತ್ತಿರ ಬರುತ್ತಿದ್ದ ಹಾಗೆ ಕಾಲು ಅಗಲಿಸಿಕೊಂಡು, ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತ ನಡೆಯತೊಡಗಿದವರು. ಅದಕ್ಕೆ ಮನೆಯಲ್ಲಿ 'ಬಸ್ಸಿನ ಕಾಲು' ಅಂತ ಹೆಸರು. ಇಪ್ಪತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಬದುಕಿದವನಿಗೆ ಇಳಿದ ಮೇಲೂ ನೆಲ ಓಡುತ್ತಿದ್ದರೆ ಅದರಲ್ಲೇನು ಅತಿಶಯ? ಅಪ್ಪನಿಗೆ ಬಸ್ಸಿನ ಕಾಲು ಬಂದ ವರ್ಷ ಅಜ್ಜ "ಈಗ ನೀನು ಕಂಡಕ್ಟರ್ ಆದೆ ಕಣೋ" ಎಂದು ಬೆನ್ನು ತಟ್ಟಿದ್ದರಂತೆ.

ಒಂದೇ ಒಂದು ತೊಡಕಿತ್ತು. ಅಪ್ಪನ ತಂಗಿ, ಅಂದರೆ ಅತ್ತೆ, ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದವರು. ಬಸ್ ಹತ್ತಿದರೆ ಸಾಕು, ಹೊಟ್ಟೆ ತೊಳಸಿ ವಾಂತಿ. ಎಲ್ಲಿಗೆ ಹೋದರೂ ನಡೆದೇ ಹೋಗುತ್ತಿದ್ದರು. ಆದರೂ ಅವರಿಗೆ ಬಸ್ಸಿನ ಕಾಲು ಬಂತು! ಅದಕ್ಕೂ ಅಪ್ಪನ ಹತ್ತಿರ ಉತ್ತರ ರೆಡಿ. "ಇಷ್ಟು ವರ್ಷ ನನಗೆ ಡಿಪೋಗೆ ಬುತ್ತಿ ತಂದುಕೊಟ್ಟಳಲ್ಲ, ಅಲ್ಲಿನ ಗಾಳಿ ತಾಗಿದೆ." ಎಲ್ಲರೂ ನಕ್ಕರು, ಒಪ್ಪಿಯೂ ಬಿಟ್ಟರು. ಇಂಥ ತಪ್ಪು ಮಾಡೋದಕ್ಕೆ ಕಂಡಕ್ಟರ್ ಮನೆಯಲ್ಲೇ ಹುಟ್ಟಿರಬೇಕು ನೋಡಿ.

ಅಣ್ಣ ಅಂದರೆ ಊರಿಗೆಲ್ಲ ಅಣ್ಣನಲ್ಲ. ಅವನಿಗಿದ್ದದ್ದು ಒಬ್ಬಳೇ ತಂಗಿ. ತಾಯಿ ಮೊದಲೇ ಹೋಗಿದ್ದರು, ಅಪ್ಪ ಎದೆನೋವು ಅಂತ ಮಲಗಿದವರು ಏಳಲಿಲ್ಲ. ಆಗ ಅಣ್ಣನಿಗೆ ಇಪ್ಪತ್ತನಾಲ್ಕು, ತಂಗಿಗೆ ಹನ್ನೊಂದು. ಜಡೆ ಹೆಣೆಯಲು ಬಾರದೆ ಅವಳ ಕೂದಲನ್ನು ಸಾಮಾನಿನ ಮೂಟೆ ಕಟ್ಟಿದಂತೆ ಬಿಗಿದು, ಶಾಲೆಯಲ್ಲಿ ಟೀಚರ್ ಕೈಲಿ ಬೈಸಿಕೊಂಡು, ಕೊನೆಗೆ ಬಸ್ಸಿನ ಪ್ರಯಾಣಿಕರೊಬ್ಬರ ಹತ್ತಿರ ಜಡೆ ಹಾಕುವುದನ್ನು ಕಲಿತುಬಂದ ಪುಣ್ಯಾತ್ಮ ಅವನು. ಚೋಟುದ್ದ ಇದ್ದಾಳೆ ಅಂತ ಅವಳನ್ನು ಚೋಟು ಎಂದು ಕರೆದ. ಈಗ ಅವಳಿಗೆ ಮೂವತ್ತೊಂದು, ಅವನಿಗಿಂತ ನಾಲ್ಕು ಬೆರಳು ಎತ್ತರ, ಆದರೂ ಚೋಟುವೇ.

ಚೋಟು ಒಂದು ಸಂಶೋಧನಾಲಯದಲ್ಲಿ ಟೆಕ್ನೀಷಿಯನ್. ಗಾಜಿನ ಚಪ್ಪಟೆ ತಟ್ಟೆಗಳಲ್ಲಿ ನರಕೋಶಗಳನ್ನು ಬೆಳೆಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸ. ಆ ಲ್ಯಾಬಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿನ ಮೇಡಂ ಎಲ್ಲರನ್ನೂ ಕೂರಿಸಿ, ರೋಗಿಯೊಬ್ಬರು ನಡೆಯುವ ವಿಡಿಯೋ ತೋರಿಸಿದರು. ಪರದೆಯ ಮೇಲೆ ಒಬ್ಬ ಮನುಷ್ಯ ಕಾಲು ಅಗಲಿಸಿಕೊಂಡು ವಾಲುತ್ತ ಬಂದ. "ಅಯ್ಯೋ, ಬಸ್ಸಿನ ಕಾಲು!" ಎಂದು ಚೋಟು ಜೋರಾಗಿ ನಕ್ಕಳು. ಬೇರೆ ಯಾರೂ ನಗಲಿಲ್ಲ. ಆ ಮನುಷ್ಯ ಬ್ಯಾಂಕಿನ ಗುಮಾಸ್ತ, ಮೂವತ್ತು ವರ್ಷ ಕುರ್ಚಿ ಬಿಟ್ಟು ಎದ್ದವನಲ್ಲ.

ಅವತ್ತು ಅಣ್ಣನಿಗೆ ವಾರದ ರಜೆ. ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ. ಹಟ್ಟಹಗಲಲ್ಲೇ ಮನೆಗೆ ಬಂದ ಚೋಟು ಚಪ್ಪಲಿ ಕೂಡ ಬಿಡದೆ, "ಏಳು, ಈ ಟೈಲ್ಸಿನ ಗೆರೆ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆ" ಅಂದಳು.

"ಏನೇ ಇದು, ಸರ್ಕಸ್ಸಿಗೆ ಸೇರಿಸ್ತೀಯಾ?"

ಮೂರನೇ ಹೆಜ್ಜೆಗೆ ಅಣ್ಣ ಕಪಾಟಿನ ಮೇಲೆ ಬಿದ್ದ. ಬಾಣಲೆ, ಮುಚ್ಚಳ, ಎರಡು ಲೋಟ ದಬದಬ ಉರುಳಿದವು. "ನೆಲ ಸಮ ಇಲ್ಲ" ಎಂದ ಅಣ್ಣ, ಕೂತಲ್ಲಿಂದಲೇ. ಚೋಟು ಬಗ್ಗಿ ಉರುಳಿದ ಲೋಟಗಳನ್ನು ಎತ್ತಿಟ್ಟಳು. ಮಾತಿನ ಮಲ್ಲಿ ಬೈಯದೆ ಕೆಲಸ ಮಾಡುತ್ತಿದ್ದಾಳೆ ಅಂದರೆ ಏನೋ ಕೆಟ್ಟಿದೆ ಎಂದು ಅಣ್ಣನಿಗೆ ಗೊತ್ತು.

ಚಹಾ ಕಾಸಿ ಎದುರಿಗೆ ಕೂತು ಅವಳು ಬಿಡಿಸಿ ಹೇಳಿದಳು. "ಜೀವಕೋಶದ ಒಳಗೆ ಸಣ್ಣ ಸಣ್ಣ ಕೊಳವೆಗಳ ಹಂದರ ಇರುತ್ತೆ ಅಣ್ಣ. ಕೋಶ ಕುಸಿದುಬೀಳದ ಹಾಗೆ ನಿಲ್ಲಿಸೋದೂ ಅದೇ, ಒಳಗಿನ ಸಾಮಾನು ಓಡಾಡೋ ದಾರಿಯೂ ಅದೇ. ಅದರ ಮೇಲೆ ಗುರುತು ಹಾಕ್ತಾ ಹೋಗೋ ಪ್ರೋಟೀನುಗಳಿವೆ, ಕೈನೇಸ್ ಅಂತಾರೆ. ನೀನು ಮೊದಲೆಲ್ಲ ಟಿಕೆಟ್ಟಿಗೆ ತೂತು ಹೊಡೀತಿದ್ದೆಯಲ್ಲ, ಹಾಗೆ. ಎಲ್ಲಿ ಗುರುತು ಬಿತ್ತು ಅನ್ನೋದರ ಮೇಲೆ ಹಂದರ ಬಿಗಿಯಾಗಬೇಕೋ ಬಿಚ್ಚಿಕೊಳ್ಳಬೇಕೋ ತೀರ್ಮಾನ. ನಾವು ನೋಡ್ತಿರೋದು ಅಂಥ ಒಂದು ಕೈನೇಸಿನ ಜೀನು. ಟಿಟಿಬಿಕೆ-ಟೂ."

"ಯಾವ ಡಿಪೋ ರೂಟು ಅದು?"

"ತಮಾಷೆ ಸಾಕು. ಆ ಜೀನಿನಲ್ಲಿ ಒಂದು ಅಕ್ಷರ ತಪ್ಪಿದರೂ ಸಾಕು, ಕೆಲವರಲ್ಲಿ ಕೈನೇಸ್ ಪೂರ್ತಿ ತಯಾರಾಗಲ್ಲ, ಅರ್ಧಕ್ಕೇ ನಿಂತುಹೋಗುತ್ತೆ. ಆಮೇಲೆ ತಲೆಯ ಹಿಂದೆ ಇರೋ ಚಿಕ್ಕ ಮೆದುಳಿನ ನರಕೋಶಗಳು ವರ್ಷಗಟ್ಟಲೆ ನಿಧಾನವಾಗಿ ಸೊರಗ್ತವೆ. ನಡಿಗೆಯ ಹದ ಹಿಡಿಯೋದೇ ಅವು. ನಮ್ಮ ಮನೆಯ ಬಸ್ಸಿನ ಕಾಲು ಇದೇ ಇರಬೇಕು, ತಲೆಮಾರಿಂದ ತಲೆಮಾರಿಗೆ ಇಳೀತಾ ಬಂದಿದೆ."

ಅಣ್ಣ ಲೋಟ ಕೆಳಗಿಟ್ಟ. "ಅಂದ್ರೆ ಒಳಗಿನ ಕಂಡಕ್ಟರ್ ಅರ್ಧ ದಾರೀಲೇ ಇಳಿದು ಹೋದ ಅನ್ನು! ಥೂ, ನಮ್ಮ ಮನೆತನದ ಮಾನ ಕಳೆದ."

ಚೋಟುವಿಗೆ ಅಳುವಿನ ಮಧ್ಯೆ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೀವಕ್ಕೆ ಅಪಾಯ ಕಮ್ಮಿ, ಆದರೆ ನಡಿಗೆ, ಮಾತು, ಕೈ ಒಂದೊಂದೇ ತೊದಲುತ್ತವೆ, ಔಷಧಿ ಇನ್ನೂ ಸಿಕ್ಕಿಲ್ಲ ಎಂದಳು. ಅಣ್ಣ ಅದಕ್ಕೆಲ್ಲ ಹೂಂಗುಟ್ಟಿದ. ಆಮೇಲೆ ಏನೋ ಹೊಳೆದವನಂತೆ ಕೇಳಿದ: "ಅಪ್ಪನಿಂದ ನನಗೆ ಬಂತು. ನಿನಗೆ?"

"ಬರಬಹುದು, ಬರದೇನೂ ಇರಬಹುದು. ಅರ್ಧಕ್ಕರ್ಧ."

ಅಣ್ಣನಿಗೆ ತನ್ನ ಕಾಲಿನ ವಿಷಯ ಅಲ್ಲಿಗೇ ಮರೆತುಹೋಯಿತು ಅಂದರೆ ನಂಬಬೇಕು ನೀವು.

ಆಸ್ಪತ್ರೆಯಲ್ಲಿ ಅಣ್ಣ ರಕ್ತ ಕೊಟ್ಟ. ತಿಂಗಳಾದ ಮೇಲೆ ಫಲಿತಾಂಶ ಬಂತು, ತಪ್ಪಿದ ಅಕ್ಷರ ಇತ್ತು. ಅವನಿಗೇನೂ ಅನ್ನಿಸಲಿಲ್ಲ. ಅವನ ಕಾಲು ಮೊದಲೇ ಹೇಳಿಯಾಗಿತ್ತು. ಅವನಿಗೆ ಬೇಕಾಗಿದ್ದದ್ದು ಇನ್ನೊಂದು ಫಲಿತಾಂಶ, ಚೋಟುವಿನದು. ಅವಳೋ ರಕ್ತ ಕೊಡಲು ಸುತರಾಂ ಒಪ್ಪಲಿಲ್ಲ.

"ನಾನು ದಿನಾ ಆ ಕೋಶಗಳನ್ನೇ ನೋಡ್ತೀನಿ ಅಣ್ಣ. ಹಂದರ ಕುಸಿದು ಮುದುಡಿ ಬಿದ್ದಿರ್ತವೆ. ನನ್ನೊಳಗೂ ಹೀಗೇ ಅಂತ ಗೊತ್ತಾದ ಮೇಲೆ ಯಾವ ಧೈರ್ಯದಲ್ಲಿ ನೋಡ್ಲಿ? ನನಗೆ ಬೇಡ. ನೀನು ಮೊದಲು ಬಸ್ಸಿಂದ ಇಳಿ, ಟಿಕೆಟ್ ಕೌಂಟರಿನಲ್ಲಿ ಕೂತ್ಕೋ. ಬ್ರೇಕ್ ಹಾಕಿದಾಗ ಬಾಗಿಲಿಂದ ಹೊರಗೆ ಬಿದ್ದರೆ ಗತಿಯೇನು?"

"ನೀನು ರಕ್ತ ಕೊಡೋ ದಿನ ನಾನು ಬಸ್ ಇಳೀತೀನಿ."

"ಹಾಗಾದ್ರೆ ಬಿದ್ದು ಸಾಯಿ!" ಎಂದಳು ಚೋಟು. ಅಂದು ಮುಗಿಸುವಷ್ಟರಲ್ಲಿ ಅವಳೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದರು. ಆದರೆ ಒಬ್ಬರಿಗೊಬ್ಬರು ಚಹಾ ಕಾಸಿ ಮುಚ್ಚಿಡುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಐದನೇ ದಿನ ಅಣ್ಣ ಚೋಟುವಿನ ಮೇಲೆ ದೂರು ಹೇಳಲು ಆಸ್ಪತ್ರೆಯ ಸಲಹೆಗಾರ್ತಿಯ ಹತ್ತಿರ ಹೋದ. ಇಂಥ ಪರೀಕ್ಷೆಗಳಿಗೆ ಮುಂಚೆ, ಆಮೇಲೆ ಮನೆಯವರನ್ನು ಕೂರಿಸಿ ಮಾತಾಡುವುದು ಆಕೆಯ ಕೆಲಸ. ಪೂರ್ತಿ ಕೇಳಿಸಿಕೊಂಡ ಆಕೆ, "ತಿಳ್ಕೊಳ್ಳೋದು ಹೇಗೆ ಹಕ್ಕೋ, ತಿಳ್ಕೊಳ್ಳದೆ ಇರೋದೂ ಹಾಗೇ ಅವರ ಹಕ್ಕು. ನಿಮ್ಮ ಸಮಾಧಾನಕ್ಕೆ ಅವರ ರಕ್ತ ಕೇಳ್ತಿದ್ದೀರಲ್ಲ, ಇದು ಯಾವ ನ್ಯಾಯ?" ಅಂದಳು. ಅಣ್ಣನಿಗೆ ನಾಚಿಕೆಯಾಯಿತು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಎಂದು ಇಪ್ಪತ್ತೆರಡು ವರ್ಷ ನೋಡಿದ್ದ, ಅವತ್ತು ಅದು ತನ್ನದೇ ಮುಖವಾಗಿತ್ತು.

ಅಲ್ಲಿಂದ ನೇರ ಡಿಪೋಗೆ ಹೋಗಿ ಕೌಂಟರಿಗೆ ಹಾಕಿ ಅಂತ ಅರ್ಜಿ ಕೊಟ್ಟ. ಮನೆಗೆ ಬಂದು, "ಬಸ್ ಇಳಿದೆ. ನಿನಗೆ ಬೇಡ ಅಂದ್ರೆ ಬೇಡ ಕಣೆ. ಆ ಮಾತು ಇಲ್ಲಿಗೆ ಮುಗೀತು" ಎಂದ. ಚೋಟು ಅವನ ತಲೆಗೆ ಮೊಟಕಿ ಅತ್ತಳು.

ಬಾಯಿಗೆ ಬೀಗ ಹಾಕಬಹುದು, ಕಣ್ಣಿಗೆ ಹಾಕೋದು ಹೇಗೆ? ಅಣ್ಣ ಕೇಳುವುದನ್ನು ಬಿಟ್ಟ, ನೋಡತೊಡಗಿದ. ಚೋಟು ಮೆಟ್ಟಿಲು ಹತ್ತಿದರೆ ಅವಳ ಪಾದ ನೋಡುತ್ತಾನೆ. ನೀರಿನ ಬಕೆಟ್ ಎತ್ತಿದರೆ ಪಾದ ನೋಡುತ್ತಾನೆ. ಒಂದು ದಿನ ಅವಳು ಹೊಸ ಚಪ್ಪಲಿ ಕಚ್ಚಿ ಸ್ವಲ್ಪ ಕುಂಟಿದಳು, ಅವನು ಅನ್ನದ ತಟ್ಟೆ ಹಾಗೇ ಬಿಟ್ಟು ಎದ್ದ. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟರೆ ಬೀದಿಯ ಕೊನೆಯವರೆಗೂ ಅವಳ ಹಿಮ್ಮಡಿಯ ಮೇಲೇ ಕಣ್ಣು. ನೆಟ್ಟಗೆ ಬೀಳುತ್ತಿರುವ ಒಂದೊಂದು ಹೆಜ್ಜೆಗೂ ಒಳಗೊಳಗೇ ಕೈಮುಗಿಯುತ್ತಿದ್ದ.

ಆರು ವಾರ ಸಹಿಸಿಕೊಂಡಳು ಚೋಟು. ಒಂದು ಸಂಜೆ ಬಟ್ಟೆ ಮಡಿಚುತ್ತಿದ್ದವಳು ಕೈಯಲ್ಲಿದ್ದ ಟವೆಲ್ ಎಸೆದಳು.

"ನನ್ನ ಮುಖ ನೋಡಿ ಮಾತಾಡಿ ಎಷ್ಟು ದಿನ ಆಯ್ತು ಅಣ್ಣ ನೀನು?"

ಆಗಲೂ ಅವನ ಕಣ್ಣು ಇದ್ದದ್ದು ಅವಳ ಕಾಲಿನ ಮೇಲೇ.

"ನೆತ್ತಿ ಮೇಲೆ ಹೊತ್ತು ಬೆಳೆಸಿದವನು ನೀನು. ನನಗೆ ಜ್ವರ ಬಂದರೆ ಹಣೆ ಮುಟ್ಟದೆ, ಮುಖ ನೋಡಿಯೇ ಹೇಳ್ತಿದ್ದೆ. ಈಗ ನಾನು ನಕ್ಕರೂ ನಿನಗೆ ಗೊತ್ತಾಗಲ್ಲ, ಅತ್ತರೂ ಗೊತ್ತಾಗಲ್ಲ. ಈ ಮನೇಲಿ ನನ್ನ ಕಾಲು ಮಾತ್ರ ಬದುಕಿದೆ. ಸಾಕು. ನಾಳೆ ಹೋಗೋಣ. ನಿನಗೋಸ್ಕರ ಅಲ್ಲ, ಗೊತ್ತಾಯ್ತಾ? ನನಗೆ ನನ್ನ ಅಣ್ಣ ವಾಪಸ್ ಬೇಕು, ಅದಕ್ಕೆ."

"ಬೇಡಮ್ಮ ಚೋಟು, ನಾನು ನೋಡೋದು ಬಿಡ್ತೀನಿ."

"ನಿನ್ನ ಕೈಲಾಗಲ್ಲ, ಸುಮ್ಮನಿರು." ಅದಂತೂ ನಿಜವಾಗಿತ್ತು.

ಸಲಹೆಗಾರ್ತಿ ಚೋಟುವನ್ನು ಒಬ್ಬಳನ್ನೇ ಕೂರಿಸಿ ಎರಡು ಸಲ ಮಾತಾಡಿದಳು. ಒತ್ತಾಯಕ್ಕೆ ಬಂದಿದ್ದೀಯಾ ಎಂದು ಕೇಳಿದಳು. "ಒತ್ತಾಯ ಮಾಡಿದ್ದರೆ ಬರ್ತಾನೇ ಇರಲಿಲ್ಲ" ಎಂದಳಂತೆ ಚೋಟು. ಆಮೇಲೆ ರಕ್ತ ತೆಗೆದರು. ಫಲಿತಾಂಶದ ದಿನ ಒಳಗೆ ಅವಳನ್ನು ಮಾತ್ರ ಕರೆದರು, ಬಾಗಿಲು ಹಾಕಿಕೊಂಡಿತು.

ಹೊರಗೆ ಉದ್ದನೆಯ ಪಡಸಾಲೆ, ಗೋಡೆಗುಂಟ ಬೆಂಚು, ಬೆಂಚಿನ ತುಂಬ ಜನ. ಅಣ್ಣನ ಪಕ್ಕ ಒಬ್ಬ ಮುದುಕಿ ಎಕ್ಸ್‌ರೇ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿತ್ತು. ಆ ಅರ್ಧಗಂಟೆ ಅವನು ಏನೇನು ಬೇಡಿಕೊಂಡ ಎಂದು ಹೇಳಿದರೆ ನಿಮಗೆ ನಗು ಬರುತ್ತದೆ. ತನ್ನ ಮಾತು ಹೋಗಲಿ, ಕೈ ಹೋಗಲಿ, ಇನ್ನೆರಡು ವರ್ಷಕ್ಕೇ ಹಾಸಿಗೆ ಹಿಡಿದರೂ ಸರಿ, ಆದರೆ ಅವಳೊಬ್ಬಳನ್ನು ಬಿಟ್ಟುಬಿಡು ಅಂತ. ಯಾರನ್ನು ಬೇಡುತ್ತಿದ್ದಾನೆ ಎಂಬುದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಬಾಗಿಲು ತೆರೆಯಿತು. ಚೋಟು ಬಂದಳು. ಮುಖ ಬಿಳಿಚಿಕೊಂಡಿತ್ತು. ಅವಳು ಅಣ್ಣನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು.

"ನನಗಿಲ್ಲ ಅಣ್ಣ."

"ಏನಂದೆ?"

"ಇಲ್ಲ. ನನಗೆ ಬಂದಿಲ್ಲ. ನಿನಗೊಬ್ಬನಿಗೇ... ನನ್ನನ್ನ ಕ್ಷಮಿಸು ಅಣ್ಣ."

ಅಪ್ಪ ಸತ್ತಾಗ ಮನೆಯಲ್ಲಿ ಚಿಕ್ಕ ಮಗು ಇದೆ ಎಂದು ಒಂದು ತೊಟ್ಟು ಕಣ್ಣೀರು ಹಾಕದ ಮನುಷ್ಯ ಇವನು. ಅವತ್ತು ಅಷ್ಟು ಜನರ ಮುಂದೆ, ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡು, ಗೊಳೋ ಎಂದು ಅತ್ತುಬಿಟ್ಟ. ನರ್ಸ್ ಒಬ್ಬಳು ನೀರು ಹಿಡಿದು ಓಡಿಬಂದಳು. ಪಕ್ಕದ ಮುದುಕಿ ಎಕ್ಸ್‌ರೇ ಬದಿಗಿಟ್ಟು ಅವನ ಬೆನ್ನು ಸವರತೊಡಗಿತು.

"ಧೈರ್ಯ ತಂದ್ಕೊಳಪ್ಪ, ಧೈರ್ಯ ತಂದ್ಕೊ. ಈಗಿನ ಕಾಲದಲ್ಲಿ ಎಲ್ಲದಕ್ಕೂ ಏನಾದರೂ ದಾರಿ ಇರುತ್ತೆ. ಪಾಪ, ಯಾರಿಗೆ ಬಂದಿದೆಯಂತೆ ಕಾಯಿಲೆ, ಈ ಮಗೂಗಾ?"

ಅಣ್ಣ ತೋಳಿನಿಂದ ಮೂಗು ಒರೆಸಿಕೊಂಡ. ಆ ಮುಖದ ತುಂಬ ನಗು ಹರಡಿಕೊಂಡಿದ್ದನ್ನು ಕಂಡು ಮುದುಕಿ ಬೆಪ್ಪಾಯಿತು.

"ಇಲ್ಲಮ್ಮ," ಎಂದ ಅವನು. "ನನಗೆ. ನನಗೆ ಮಾತ್ರ!"