ಇಪ್ಪತ್ತು ಸೆಕೆಂಡಿನ ಸೊಸೆ

ಹೆಣ್ಣು ನೋಡಲು ಬರುವವರ ಎದುರು ಯಾವ ಸೀರೆ ಉಡಬೇಕೆಂದು ತಲೆ ಕೆಡಿಸಿಕೊಳ್ಳುವುದು ಲೋಕರೂಢಿ. ಕುಂಬ್ರದ ಶಾಂಭವಿ ಮಾತ್ರ ಆ ಭಾನುವಾರ ಬೆಳಗಿನಿಂದ ಬಿಟ್‌ರೇಟ್ ಎಷ್ಟಿಡಬೇಕೆಂದು ತಲೆ ಕೆಡಿಸಿಕೊಂಡು ಕೂತಿದ್ದಳು.

ಅವಳ ಕೆಲಸ ಕಂಪ್ಯೂಟರಿನೊಳಗೆ ಬಸ್ಸು ಓಡಿಸುವುದು. ಬಸ್ಸು ಆಟದ್ದು, ಘಾಟಿ ರಸ್ತೆಯೂ ಆಟದ್ದು. ಆದರೆ "ಹಿಂದೆ ಹೋಗಿ ಮಾರಾಯ್ರೆ, ಇನ್ನೂ ಜಾಗ ಉಂಟು" ಎಂದು ಅವಳು ಹೊಡೆಯುವ ಬೊಬ್ಬೆ ಅಪ್ಪಟ ಅಸಲಿ. ಅದನ್ನು ಲೈವಿನಲ್ಲಿ ನೋಡಲು ದಿನಾ ಸಾವಿರಾರು ಜನ ಬರುತ್ತಿದ್ದರು, ಮನೆಯೂ ಅದರಿಂದಲೇ ನಡೆಯುತ್ತಿತ್ತು. ಹಾಗೆ ಬಂದವರಲ್ಲಿ ಒಬ್ಬ ರಾಮಕುಂಜದ ಪ್ರಸನ್ನ. ಎರಡು ವರ್ಷ ಚಾಟಿನಲ್ಲಿ ಹರಟಿ, ಕೊನೆಗೂ ಧೈರ್ಯ ಮಾಡಿ ಮದುವೆಯ ಮಾತೆತ್ತಿದ್ದ. ಶಾಂಭವಿಗೂ ಅವನೆಂದರೆ ಇಷ್ಟ. ಅಡ್ಡ ಬಂದದ್ದು ಅವನ ಅಮ್ಮ ದೇವಕಿಯಮ್ಮನ ಸಂಶಯ. ಇಲ್ಲದ ಬಸ್ಸನ್ನು ಓಡಿಸುವುದು ಎಂಥ ಕೆಲಸ? ಮೊದಲು ಅದನ್ನು ಮನೆಯ ಟಿವಿಯಲ್ಲಿ ನೋಡುತ್ತೇನೆ, ಹುಡುಗಿಯನ್ನು ಆಮೇಲೆ, ಎಂದಿದ್ದರು. ಶಾಂಭವಿಗೆ ಪ್ರಸನ್ನನೂ ಬೇಕಿತ್ತು, ಬಸ್ಸೂ ಬೇಕಿತ್ತು.

"ನಮ್ಮಲ್ಲಿ ನೆಟ್ ಕಷ್ಟ. ಚಿತ್ರ ಮಧ್ಯೆ ನಿಂತ್ರೆ ಅಮ್ಮ ಎದ್ದು ಹೋಗ್ತಾರೆ" ಎಂದು ಪ್ರಸನ್ನ ಮೊದಲೇ ಹೆದರಿಸಿದ್ದ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಚಿತ್ರದ ಪ್ರಮಾಣ, ಆರು ಸಾವಿರದಲ್ಲಿಟ್ಟರೆ ಬಸ್ಸಿನ ಬಾಗಿಲಿನ ಗೀರು ಕೂಡ ಕಾಣುತ್ತದೆ, ಆದರೆ ರಾಮಕುಂಜಕ್ಕೆ ತಲುಪುವುದಿಲ್ಲ. ಸಾವಿರಕ್ಕಿಳಿಸಿದರೆ ತಲುಪುತ್ತದೆ, ಆದರೆ ಬರುವ ಸೊಸೆಗೆ ಮೂಗು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಎರಡೂವರೆ ಸಾವಿರಕ್ಕೆ ರಾಜಿಯಾದಳು. ಬಫರನ್ನು ಮಾತ್ರ ಧಾರಾಳವಾಗಿಟ್ಟಳು. ನೆಟ್ ಕೈಕೊಟ್ಟರೂ ಮೊದಲೇ ತುಂಬಿಸಿಟ್ಟ ಚಿತ್ರ ಓಡುತ್ತಿರಬೇಕಲ್ಲ. ಅದರಿಂದ ಇಪ್ಪತ್ತು ಸೆಕೆಂಡು ತಡವಾಗುತ್ತದೆ: ಅಲ್ಲಿಂದ ಬರೆದ ಪ್ರಶ್ನೆ ಇಲ್ಲಿಗೆ ತಕ್ಷಣ ಬರುತ್ತದೆ, ಇಲ್ಲಿ ಹೇಳಿದ ಉತ್ತರ ಅಲ್ಲಿ ಇಪ್ಪತ್ತು ಸೆಕೆಂಡು ಕಳೆದು ಕೇಳುತ್ತದೆ. ಪ್ರಸನ್ನನಿಗೆ ಇದು ಚೆನ್ನಾಗಿ ಗೊತ್ತಿತ್ತು. ದೇವಕಿಯಮ್ಮನಿಗೂ ಹೇಳಿಡಬೇಕೆಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬುದ್ಧಿವಂತರ ಹಣೆಬರಹವೇ ಅಷ್ಟು.

ಸಂಜೆ ನಾಲ್ಕಕ್ಕೆ ರಾಮಕುಂಜದ ಟಿವಿಯಲ್ಲಿ ಶಾಂಭವಿಯ ಬಸ್ಸು ಹೊರಟಿತು. ಅಮ್ಮ ಹೇಳಿದ್ದನ್ನು ಪ್ರಸನ್ನ ಮೊಬೈಲಿನಲ್ಲಿ ಬರೆದು ಚಾಟಿಗೆ ಹಾಕುವುದೆಂದು ಮಾತಾಗಿತ್ತು. ಶಾಂಭವಿ ತಲೆ ತಗ್ಗಿಸಿ, ಮಾತಿಲ್ಲದೆ ಒಂದು ತಿರುವಿನ ಮೇಲೆ ಕಣ್ಣಿಟ್ಟಿದ್ದಾಗ ಮೊದಲ ಪ್ರಶ್ನೆ ಬಂತು: "ಮದುವೆ ಆದ ಮೇಲೆ ಇದನ್ನು ಬಿಡ್ತೀಯಾ?"

ಶಾಂಭವಿ ಹೆದರಿದ್ದ ಪ್ರಶ್ನೆಯೇ ಅದು. ಆದರೂ ತಡವರಿಸಲಿಲ್ಲ. "ಇಲ್ಲ ಅತ್ತೆ, ಬಿಡುದಿಲ್ಲ. ಯಾರು ಎಷ್ಟು ಹೇಳಿದ್ರೂ ಬಿಡುದಿಲ್ಲ" ಎಂದು ತಲೆಯೆತ್ತಿ ಹೇಳಿದಳು. ಅಷ್ಟರಲ್ಲಿ ಎರಡನೆಯದು ಬಂತು: "ಕಷ್ಟ ಬಂದ್ರೆ ನನ್ನ ಮಗನನ್ನು ಬಿಟ್ಟು ಹೋಗ್ತೀಯಾ?" ಮೊದಲನೆಯದು ಪಾಸಾಯಿತೆಂದು ಅವಳಿಗೆ ಖುಷಿಯೋ ಖುಷಿ. ಆ ಗಡಿಬಿಡಿಯಲ್ಲಿ ಇಪ್ಪತ್ತು ಸೆಕೆಂಡು ಮರೆತೇಹೋಯಿತು. "ಅದು ಅವರು ಹೇಗೆ ನೋಡಿಕೊಳ್ತಾರೆ ಅಂತ ನೋಡ್ಬೇಕು ಅತ್ತೆ" ಎಂದು ನಕ್ಕಳು. ರಾಮಕುಂಜದಿಂದ ಮತ್ತೆ ಪ್ರಶ್ನೆ ಬರಲಿಲ್ಲ.

ಐದು ಗಂಟೆಗೆ ಪ್ರಸನ್ನನ ಫೋನು. "ಅಮ್ಮ ಒಪ್ಪಿದ್ರು ಮಾರಾಯ್ತಿ! ಕಣ್ಣಲ್ಲಿ ನೀರು ಬಂತು ಅವರಿಗೆ. ಕೂಡಲೇ ಟಿವಿ ಆಫ್ ಮಾಡಿ ದೇವರಿಗೆ ದೀಪ ಇಟ್ರು."

"ನಾನು ಬಿಡುದಿಲ್ಲ ಅಂದದ್ದಕ್ಕಾ?"

"ಹೌದು. ಮಗನನ್ನು ಬಿಟ್ಟು ಹೋಗ್ತೀಯಾ ಅಂತ ಕೇಳಿ ಮುಗಿಯುವಾಗ ಸರಿಯಾಗಿ ನಿನ್ನ ಮಾತು ಬಂತು. ಯಾರು ಎಷ್ಟು ಹೇಳಿದ್ರೂ ಬಿಡುದಿಲ್ಲ ಅಂತ."

ಶಾಂಭವಿಗೆ ಈಗ ಎಲ್ಲ ಹೊಳೆಯಿತು. "ಮತ್ತೆ ಕೆಲಸ ಬಿಡ್ತೀಯಾ ಅಂತ ಕೇಳಿದ್ದಕ್ಕೆ?"

"ಅದಕ್ಕೆ ನೀನು ತಲೆ ತಗ್ಗಿಸಿ ಸುಮ್ಮನೆ ಕೂತಿದ್ದೆಯಲ್ಲ. ಒಪ್ಪಿದಳು ಅಂದ್ರು. ಎದುರು ಮಾತಾಡುವ ಹುಡುಗಿ ಅಲ್ಲ ಅಂತ ಇನ್ನೂ ಖುಷಿ."

ದಿನಕ್ಕೆ ನಾಲ್ಕು ಗಂಟೆ ಬೊಬ್ಬೆ ಹೊಡೆದು ಬದುಕುವವಳಿಗೆ ಸಿಕ್ಕಿದ ಪ್ರಶಸ್ತಿ ಇದು. ಶಾಂಭವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಒಮ್ಮೆಲೇ ನಿಲ್ಲಿಸಿದಳು.

"ಅದು ಮೊದಲಿನ ಪ್ರಶ್ನೆಗೆ ಹೇಳಿದ್ದು ಅಂತ ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತೆ ಅಮ್ಮನಿಗೆ ಹೇಳ್ಲಿಲ್ಲ ಎಂತಕ್ಕೆ?"

"ಎಲ್ಲರೂ ಖುಷಿಯಲ್ಲಿದ್ದಾರೆ, ಈಗ ಯಾಕೆ ಸುಮ್ಮನೆ? ಮದುವೆ ಆಗ್ಲಿ, ಆಮೇಲೆ ನಿಧಾನಕ್ಕೆ ಹೇಳುವ. ಅಷ್ಟರವರೆಗೆ ಬೇಕಾದ್ರೆ ನೀನು ಸ್ವಲ್ಪ ನಿಲ್ಲಿಸು."

ಅವಳಿಗೆ ಮೈಯೆಲ್ಲ ಉರಿಯಿತು. ಅಮ್ಮ ತಿಳಿಯದೆ ತಪ್ಪು ಕೇಳಿಸಿಕೊಂಡರು. ಇವನು ತಿಳಿದೂ ಬಾಯಿ ಮುಚ್ಚಿ ಕೂತ.

"ಫೋನು ಅತ್ತೆಗೆ ಕೊಡು."

"ಈಗಲಾ? ನಾಳೆ..."

"ಕೊಡು ಪ್ರಸನ್ನ."

"ಎಂತ ಮಗಳೇ?" ದೇವಕಿಯಮ್ಮನ ದನಿಯಲ್ಲಿ ಅಕ್ಕರೆ ತುಂಬಿತ್ತು. ಹೇಳದಿದ್ದರೆ ಎಲ್ಲವೂ ಸಿಗುತ್ತಿತ್ತು. ಆದರೂ ಹೇಳಿದಳು.

"ಅತ್ತೆ, ನನ್ನ ಮಾತು ಅಲ್ಲಿಗೆ ತಡವಾಗಿ ಬರುದು. ನಾನು ಬಿಡುದಿಲ್ಲ ಅಂದದ್ದು ಕೆಲಸವನ್ನು. ಮಗನ ವಿಷಯದಲ್ಲಿ ನಾನು ಹೇಳಿದ್ದು ಬರುವ ಮೊದಲೇ ನೀವು ಟಿವಿ ಆಫ್ ಮಾಡಿದ್ರಿ."

ಶಾಂಭವಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮದುವೆ ಮುರಿಯಿತೆಂದೇ ಲೆಕ್ಕ ಹಾಕಿದಳು.

"ಇದು ಪ್ರಸನ್ನನಿಗೆ ಗೊತ್ತಿತ್ತಾ?" ದೇವಕಿಯಮ್ಮ ಕೇಳಿದರು.

ಶಾಂಭವಿ ಈ ಸಲ ನಿಜವಾಗಿಯೂ ಸುಮ್ಮನಿದ್ದಳು.

"ಗೊತ್ತಾಯ್ತು ಬಿಡು" ಎಂದರು ದೇವಕಿಯಮ್ಮ. "ಕಷ್ಟ ಬಂದ್ರೆ ಬಿಟ್ಟು ಹೋಗ್ತೀಯಾ ಅಂತ ನಾನು ಕೇಳಬೇಕಾದದ್ದು ನಿನ್ನ ಹತ್ರ ಅಲ್ಲ ಮಗಳೇ."