ಹಗ್ಗದ ಕುಣಿಕೆ

ನೀರಿಗೆ ಬಿದ್ದಿದ್ದ ಬೈಕ್ ಹುಡುಕಲು ಅಮೃತೇಶ್ ಸಿಲಿಂಡರ್ ಕಟ್ಟಿಕೊಂಡು ನರಸೀಪುರದ ಸಂಗಮದಲ್ಲಿ ಮುಳುಗಿದ್ದ. ತೆಪ್ಪದಲ್ಲಿ ಕುಳಿತು ಅವನ ಸೊಂಟದ ಹಗ್ಗ ಹಿಡಿಯುವುದು ನನ್ನ ಕೆಲಸ. ಹೊಳೆಯ ಮೇಲುಗಡೆಯ ಮೆಟ್ಟಿಲಲ್ಲಿ ಯಾರೋ ಅಸ್ಥಿ ಬಿಟ್ಟರು. ಹೂವು, ಬೂದಿ ನಮ್ಮ ಪಕ್ಕದಲ್ಲೇ ತೇಲಿಬಂದವು. ಅಭ್ಯಾಸಬಲದಿಂದ ಎರಡೂ ಕೈ ಮುಗಿದೆ. ಹಗ್ಗ ಜಾರಿಹೋಯಿತು.

"ಏನಾಯ್ತ್ಲಾ?" ಬೆನ್ನು ತಿರುಗಿಸಿ ಹುಟ್ಟು ಹಾಕುತ್ತಿದ್ದ ಚಿಕ್ಕಮಾದು ಮಾವ ಕೇಳಿದ.

"ಅಗ್ಗ ಕಿತ್ತೋಯ್ತು ಮಾವ. ಬಂಡೆ ಸಂದೀಲಿ ಸಿಕ್ಕವ್ನೆ."

ಹಾಗಾಗಿ ಅಗ್ನಿಶಾಮಕದವರೂ ಬಂಡೆಯ ಸುತ್ತಲೇ ಹುಡುಕಿದರು. ಅವನನ್ನು ಸೆಳವು ಕೆಳಕ್ಕೆ ಎಳೆದುಕೊಂಡು ಹೋಗಿರಬಹುದೆಂದು ಗೊತ್ತಿದ್ದದ್ದು ನನಗೊಬ್ಬನಿಗೇ. ಸಿಲಿಂಡರಿನಲ್ಲಿ ಒಂದು ಗಂಟೆಯ ಗಾಳಿಯಿತ್ತು. ಆ ಗಂಟೆ ಕಳೆದರೂ ನಾನು ಬಾಯಿ ಬಿಡಲಿಲ್ಲ.

ಸಂಜೆ ತಲಕಾಡಿನ ಬಸ್ಸಿನಿಂದ ಅಮೃತೇಶ್ ಬರಿಗಾಲಲ್ಲಿ ಇಳಿದು ಬಂದ. ಎಲ್ಲೋ ಕೆಳಗೆ ದಡ ಹತ್ತಿದ್ದನಂತೆ. ಮಾವ ಕಣ್ಣೊರೆಸಿಕೊಳ್ಳುತ್ತಲೇ, "ಟಿಕೆಟ್ ತಗಂಡ್ಯೇನ್ಲಾ?" ಎಂದು ನಕ್ಕ.

ಅಮೃತೇಶ್ ಹಗ್ಗದ ಸುರುಳಿಯನ್ನು ನನ್ನ ತೊಡೆಯ ಮೇಲಿಟ್ಟ. ಅದು ಎಲ್ಲೂ ಕಿತ್ತಿರಲಿಲ್ಲ. ನಾನು ಮಣಿಕಟ್ಟಿಗೆ ಹಾಕಿಕೊಳ್ಳಬೇಕಿದ್ದ ಕುಣಿಕೆ ತುದಿಯಲ್ಲಿ ಹಾಗೆಯೇ ಇತ್ತು. ಅದನ್ನು ನೋಡಿ ಮಾವನ ನಗು ನಿಂತಿತು.

"ಒಣಗಾಕು ಕಣೋ," ಎಂದ ಅಮೃತೇಶ್. "ನೆಂದದೆ."