ನರ್ಸಮ್ಮನ ಕಾರಿಗೆ ಚಳಿಜ್ವರ

ದೊಡ್ಡವಳಿಗೆ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರೆ. ಒದೆಯಲಿ ಬಿಡಿ, ಇದ್ದದ್ದು ಇದೇ. ಸ್ಕೂಲು ಬಿಟ್ಟ ವರ್ಷದಿಂದ ಅಪ್ಪನ ಗ್ಯಾರೇಜಿನಲ್ಲಿ ಮೈಗೆಲ್ಲ ಗ್ರೀಸು ಮೆತ್ತಿಕೊಂಡವಳು ಇವಳು. ಬಾನೆಟ್ ಎತ್ತುವ ಮೊದಲೇ, ಬರೀ ಸದ್ದು ಕೇಳಿ, ಇಂಥದ್ದೇ ಹೋಗಿದೆ ಅನ್ನುತ್ತಿದ್ದವಳು ಇವಳು. ಚಿಕ್ಕವಳು ಬಂದದ್ದು ಮೊನ್ನೆ ಮೊನ್ನೆ, ಅದೂ ಬಟ್ಟೆ ಅಂಗಡಿಯ ಕೆಲಸ ಬೇಜಾರಾಯಿತು ಅಂತ. ಈಗ ನೋಡಿದರೆ ಗೇಟಿನೊಳಗೆ ಕಾರು ತಂದು ನಿಲ್ಲಿಸಿದ ಗಿರಾಕಿಗಳೆಲ್ಲ ಗಾಜು ಇಳಿಸಿ ಕೇಳುವುದು ಒಂದೇ ಮಾತು: "ಚಿಕ್ಕವಳಿಲ್ವಾ?"

"ಯಾಕೆ, ನಾನೇನು ಗೋಡೆಗೆ ಒರಗಿಸಿಟ್ಟ ಜ್ಯಾಕಾ?" ಅಂತ ದೊಡ್ಡವಳು ಒಂದು ದಿನ ಕೇಳಿಯೇಬಿಟ್ಟಳು. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ತಮಾಷೆಗೆ ಕೇಳಿರಲಿಲ್ಲ.

ಇಂಥ ಬೆಂಕಿಗೆ ತುಪ್ಪ ಸುರಿದದ್ದು ನರ್ಸಮ್ಮನ ಕಾರು. ನರ್ಸಮ್ಮ ಆಸ್ಪತ್ರೆಯ ಬೆಳಗಿನ ಪಾಳಿಯವರು. ದೊಡ್ಡವಳ ಹಳೇ ಗಿರಾಕಿ, ಬೇರೆಯವರ ಕೈಗೆ ಕಾರು ಕೊಟ್ಟವರೇ ಅಲ್ಲ. ಚಳಿ ಶುರುವಾದಾಗಿನಿಂದ ಆ ಕಾರಿಗೊಂದು ರೋಗ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತೆ, ಎರಡು ಸಲ ಕೆಮ್ಮಿ ನಿಂತೇ ಹೋಗುತ್ತೆ. ಹೇಗೋ ರಸ್ತೆಗಿಳಿಸಿ ಸ್ವಲ್ಪ ದೂರ ಓಡಿಸಿದರೆ ಎಲ್ಲ ಸರಿ. ಗ್ಯಾರೇಜಿಗೆ ಬಂದು ನಿಲ್ಲುವ ಹೊತ್ತಿಗಂತೂ ಹಾಲು ಕುಡಿದ ಮಗು. ದೊಡ್ಡವಳು ಪ್ಲಗ್ ಬದಲಾಯಿಸಿದಳು. ಆಗಲಿಲ್ಲ. ಎಂಜಿನ್ನಿಗೆ ಗಾಳಿ ಹೋಗುವ ದಾರಿ ಬಿಚ್ಚಿ ತೊಳೆದಳು, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಬ್ಯಾಟರಿ ಮೇಲೆ ಗುಮಾನಿ ಪಟ್ಟು ಅದನ್ನೂ ಬದಲಾಯಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ನರ್ಸಮ್ಮ ಪಾಪ, ನೆಲ ನೋಡಿಕೊಂಡೇ ಹೇಳಿದರು: "ನೀನು ಬೇಜಾರು ಮಾಡ್ಕೋಬೇಡಮ್ಮಾ. ಇದೊಂದ್ಸಲ ಚಿಕ್ಕವಳು ನೋಡ್ಲಿ."

ಚಿಕ್ಕವಳು ಬಾನೆಟ್ ಕೂಡ ಎತ್ತಲಿಲ್ಲ. "ಇಲ್ಲಿಗೆ ಬರೋ ಹೊತ್ತಿಗೆ ಎಂಜಿನ್ ಬಿಸಿಯಾಗಿರತ್ತಲ್ಲ ಸಿಸ್ಟರ್, ಆಮೇಲೆ ಏನು ಗೊತ್ತಾಗತ್ತೆ? ಇವತ್ತು ಕಾರು ಇಲ್ಲೇ ಬಿಟ್ಟುಹೋಗಿ. ಬೆಳಿಗ್ಗೆ ತಣ್ಣಗಿರೋವಾಗ ನಾನೇ ಸ್ಟಾರ್ಟ್ ಮಾಡಿ ನೋಡ್ತೀನಿ" ಅಂದಳು. ಅಷ್ಟೇ.

ಇಷ್ಟು ಸಣ್ಣ ವಿಷಯ! ತನಗೆ ಹೊಳೆಯಲಿಲ್ಲ ಅನ್ನುವುದಕ್ಕಿಂತ ಅವಳಿಗೆ ಹೊಳೆಯಿತಲ್ಲ ಅನ್ನುವುದಕ್ಕೇ ದೊಡ್ಡವಳ ಮೈಯೆಲ್ಲ ಉರಿಯಿತು.

ಮಂಡಿ ಕೈಕೊಟ್ಟ ಮೇಲೆ ಅಪ್ಪ ಬಾಗಿಲ ಹತ್ತಿರ ಕೂತು ಎಲ್ಲರಿಗೂ ಬುದ್ಧಿ ಹೇಳುವುದನ್ನೇ ಕೆಲಸ ಮಾಡಿಕೊಂಡಿದ್ದ. ಅವನು ತೊಡೆ ತಟ್ಟಿ, "ಭಲೇ ಪುಟ್ಟಿ!" ಅಂದ. "ನಾಳೆ ಇವಳು ಇದನ್ನ ಕಂಡುಹಿಡಿದುಬಿಟ್ರೆ ಇನ್ಮೇಲೆ ಎಂಜಿನ್ ಕೆಲಸ ಪೂರಾ ಇವಳದ್ದೇ. ದೊಡ್ಡವಳು ಟೈರು, ಬ್ರೇಕು ನೋಡ್ಕೊಳ್ಳಲಿ. ಅವಳಿಗೂ ಸಾಕಾಗಿರತ್ತೆ, ಎಷ್ಟೂಂತ ಬಗ್ತಾಳೆ?"

ಅಪ್ಪ ಕನಿಕರದಿಂದಲೇ ಅಂದದ್ದು. ಆದರೆ ಟೈರಂತೆ ಟೈರು! ಟೈರು ಬಿಚ್ಚುವುದಕ್ಕೆ ಕಿವಿ ಬೇಕಾ? ದೊಡ್ಡವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಬೇಕು ಅಂತಲೂ ಅನಿಸಿರಲಿಲ್ಲ. ಎಂಜಿನ್ನೂ ಕೈತಪ್ಪಿದರೆ ತನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಇನ್ನೊಂದಿರಲಿಲ್ಲ.

ಬೆಳಿಗ್ಗೆ ಮನೆಯಲ್ಲಿ ಯಾರೂ ಏಳುವ ಮೊದಲೇ ಅವಳು ಸ್ವೆಟರ್ ಏರಿಸಿಕೊಂಡು ಹೊರಟಳು. ಲೆಕ್ಕಾಚಾರ ಸುಲಭವಾಗಿತ್ತು. ತಣ್ಣಗಿದ್ದರೆ ತಾನೇ ರೋಗ ಕಾಣುವುದು? ಮೊದಲೇ ಹೋಗಿ ಎಂಜಿನ್ ಬಿಸಿ ಮಾಡಿಟ್ಟರಾಯಿತು. ಚಿಕ್ಕವಳು ಬಂದು ಕೀ ತಿರುಗಿಸುತ್ತಾಳೆ, ಕಾರು ನಯವಾಗಿ ಸ್ಟಾರ್ಟ್ ಆಗುತ್ತೆ, ಮಹಾ ಜಾಣೆ ಪೆಚ್ಚು ಮೋರೆ ಹಾಕಿಕೊಂಡು ನಿಲ್ಲುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಷಟರ್ ಅರ್ಧ ಎತ್ತಿ ಒಳಗೆ ನುಸುಳಿದಳು. ಬಾಯಿಂದ ಹೊಗೆ ಬರುವಷ್ಟು ಚಳಿ, ಕೀ ಹಿಡಿದ ಬೆರಳು ಮರಗಟ್ಟಿತ್ತು. ತಿರುಗಿಸಿದಳು.

ಎರಡು ಸಲ ಕೆಮ್ಮಿ ನಿಂತು, ಮೂರನೇ ಸಲಕ್ಕೆ ಹತ್ತಿಕೊಂಡಿತು. ಅಬ್ಬಬ್ಬಾ, ಅದೇನು ನಡುಕ! ಕನ್ನಡಿ ಅದುರಿತು, ಸೀಟು ಅದುರಿತು, ಡ್ಯಾಶ್‌ಬೋರ್ಡಿನ ಮೇಲಿದ್ದ ನರ್ಸಮ್ಮನ ಪೆನ್ನು ಉರುಳಿ ಕೆಳಗೆ ಬಿತ್ತು. ಇಷ್ಟು ದಿನ ಈ ಕಾಯಿಲೆಯ ಬಗ್ಗೆ ಬರೀ ಕೇಳಿದ್ದವಳು ಈಗ ಕಣ್ಣಾರೆ ನೋಡಿದಳು. ನೋಡಿದ್ದೇ ತಡ, ಬಂದ ಕೆಲಸ ಮರೆತೇಹೋಯಿತು. ಇಳಿದು ಬಾನೆಟ್ ಎತ್ತಿದಳು, ಬಗ್ಗಿ ಕಿವಿಗೊಟ್ಟಳು. ಆ ಗಡಗಡದ ಅಡಿಯಲ್ಲಿ ಸಣ್ಣದೊಂದು 'ಸ್‌ಸ್' ಸದ್ದು, ಖಾರ ತಿಂದವರು ಉಸಿರೆಳೆದ ಹಾಗೆ. ಗಾಳಿಯ ಕೊಳವೆ ಎಂಜಿನ್ನಿಗೆ ಕೂಡುವ ಕಡೆಯಿಂದ ಬರುತ್ತಿತ್ತು. ಕ್ಲೀನರ್ ಸ್ಪ್ರೇ ಡಬ್ಬಿ ತಂದು ಆ ಅಂಚಿಗೆ ಪುಸ್ಸೆಂದು ಹೊಡೆದಳು; ಅಲ್ಲಿ ಸಂದಿಯಿದ್ದರೆ ಅದು ಒಳಗೆ ಎಳೆದುಕೊಂಡು ಎಂಜಿನ್ ಸದ್ದು ಬದಲಾಗಬೇಕು. ಎಂಜಿನ್ ಒಂದು ಗಳಿಗೆ ಸರಿಹೋಯಿತು, ಮತ್ತೆ ಕೆಟ್ಟಿತು. ಇನ್ನೊಮ್ಮೆ ಹೊಡೆದಳು. ಅದೇ ಕಥೆ.

ಸಿಕ್ಕಿಬಿಟ್ಟಿತು! ಗಾಳಿ ಸೋರದ ಹಾಗೆ ನಡುವೆ ಕೂರಿಸಿದ ಪಟ್ಟಿ, ಗ್ಯಾಸ್ಕೆಟ್, ಹಳತಾಗಿ ಗಟ್ಟಿಯಾಗಿದೆ. ಚಳಿಗೆ ಕುಗ್ಗಿ ಸಂದಿ ಬಿಡುತ್ತೆ, ಬೇಡದ ಗಾಳಿ ಒಳಗೆ ನುಗ್ಗುತ್ತೆ. ಬಿಸಿಯಾದರೆ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತೆ. ಅದಕ್ಕೇ ಇಷ್ಟು ದಿನ ಆಟ ಆಡಿಸಿದ್ದು ಮುಂಡೇದು. "ಕಿವಿ ಅಂದ್ರೆ ಇದು ಕಣ್ರೋ, ಕಿವಿ ಅಂದ್ರೆ ಇದು!" ಅಂತ ಖಾಲಿ ಗ್ಯಾರೇಜಿಗೆ ಕೂಗಿ ಹೇಳಿದಳು.

ಕೂಗಿದ ಮೇಲೆ ಬುದ್ಧಿಗೆ ತಟ್ಟಿತು. ಹೇಳುವುದು ಯಾರಿಗೆ? ಯಾವಾಗ ಕೇಳಿಸಿತು ಅಂತ ಅಪ್ಪ ಕೇಳಿದರೆ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಷ್ಟರಲ್ಲಿ ಎಂಜಿನ್ ಬಿಸಿಯಾಗಿ ಮೆತ್ತಗೆ ಗುನುಗತೊಡಗಿತ್ತು. ಆಫ್ ಮಾಡಿ, ಷಟರ್ ಎಳೆದು, ಅಂಗಡಿಯಿಂದ ಒಂದು ಬ್ರೆಡ್ಡು ಹಿಡಿದುಕೊಂಡು ಏನೂ ಅರಿಯದವಳ ಹಾಗೆ ಮನೆ ಸೇರಿದಳು.

ಆಮೇಲೆ ಅಪ್ಪ ಮಕ್ಕಳು ಮೂವರೂ ಒಟ್ಟಿಗೆ ಗ್ಯಾರೇಜಿಗೆ ಬಂದರು. ನರ್ಸಮ್ಮ ರಜೆ ಹಾಕಿ ಆಗಲೇ ಗೇಟಿನ ಹತ್ತಿರ ಕಾಯುತ್ತಿದ್ದರು. ಚಿಕ್ಕವಳು ಕೈ ಉಜ್ಜಿಕೊಂಡು ಕೂತು ಕೀ ತಿರುಗಿಸಿದಳು. ಬೆಣ್ಣೆಯಷ್ಟು ನಯ. ಆಫ್ ಮಾಡಿ ಮತ್ತೆ ತಿರುಗಿಸಿದಳು. ಅಷ್ಟೇ ನಯ. "ಇದು ಹೇಗೆ... ಇಷ್ಟು ಚಳೀಲಿ ನಡುಗಲೇಬೇಕಿತ್ತಲ್ಲ" ಅನ್ನುತ್ತ ಅವಳ ಮುಖ ಸಣ್ಣಗಾಯಿತು.

ದೊಡ್ಡವಳ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಆಯಿತು.

ಆದರೆ ಎಷ್ಟು ಹೊತ್ತು? ಅಪ್ಪ ಕುಂಟಿಕೊಂಡು ಹೋಗಿ ಚಿಕ್ಕವಳ ತಲೆ ಸವರಿದ. "ಹೋಗ್ಲಿ ಬಿಡು ಪುಟ್ಟಿ. ಸಿಗದಿದ್ರೆ ಕತ್ತೆ ಬಾಲ. ನಿನ್ನ ಯೋಚನೆ ಸರಿಯಾಗೇ ಇತ್ತು" ಅಂದ. ನರ್ಸಮ್ಮನೂ, "ಹೌದಮ್ಮಾ, ಅಷ್ಟು ಯೋಚನೆ ಮಾಡಿದ್ಯಲ್ಲ, ಅದೇ ದೊಡ್ಡದು" ಅಂದರು.

ಅಯ್ಯೋ ಶಿವನೇ! ಸೋತರೂ ಅವಳ ತಲೆಯನ್ನೇ ಸವರುವುದಾ? ಮೂರು ಸಲ ಸೋತಾಗ ತನ್ನ ತಲೆ ಯಾರಾದರೂ ಸವರಿದ್ದರಾ? ದೊಡ್ಡವಳಿಗೆ ತಡೆಯಲಾಗಲಿಲ್ಲ.

"ಗ್ಯಾಸ್ಕೆಟ್ಟು!" ಅಂತ ಕಿರುಚಿದಳು. "ಗ್ಯಾಸ್ಕೆಟ್ ಸಂದೀಲಿ ಗಾಳಿ ಎಳೀತಿದೆ. ತಣ್ಣಗಿದ್ದಾಗ ಸದ್ದು ಬರತ್ತೆ, ನನ್ನ ಕಿವಿಯಾರೆ ಕೇಳಿದೀನಿ!"

ಅಪ್ಪ ನಿಧಾನವಾಗಿ ತಿರುಗಿದ. "ಯಾವಾಗ ಕೇಳಿದ್ಯೇ?"

ಚಿಕ್ಕವಳು ಇಳಿದು ಬಾನೆಟ್ ಎತ್ತಿ, ರೇಡಿಯೇಟರ್ ಪೈಪಿನ ಮೇಲೆ ಕೈಯಿಟ್ಟು, ಸುಟ್ಟುಕೊಂಡವಳ ಹಾಗೆ ಹಿಂದಕ್ಕೆಳೆದುಕೊಂಡಳು. "ಅಕ್ಕಾ, ಬೆಳಿಗ್ಗೆ ಇಲ್ಲಿಗೆ ಬಂದಿದ್ಯಾ?"

"ಬಂದಿದ್ದೆ. ಏನೀಗ? ನಿಂಗೆ ಸಿಗಬಾರ್ದು ಅಂತ ಬಿಸಿ ಮಾಡಿಟ್ಟೆ."

ನರ್ಸಮ್ಮ ಗೋಡೆಗೆ ನೇತುಹಾಕಿದ್ದ ಫ್ಯಾನ್‌ಬೆಲ್ಟುಗಳನ್ನು ನೋಡತೊಡಗಿದರು.

"ಎಂಜಿನ್ ಕೆಲಸ ಬೇಕು ಅಂತ ನಾನು ಯಾವತ್ತು ಕೇಳಿದ್ದೆ?" ಅಂದಳು ಚಿಕ್ಕವಳು. "ನೀನು ಒಂದು ಮಾತು ಅಂದಿದ್ರೆ ಬಿಟ್ಟುಕೊಡ್ತಿದ್ದೆ."

"ಬಿಟ್ಟುಕೊಡೋಕೆ ನೀನ್ಯಾರೇ? ಅದು ನಂದು! ನೀನು ಅಂಗಡೀಲಿ ಬಟ್ಟೆ ಮಡಚ್ತಿದ್ದಾಗಿಂದ ನಂದು!"

"ನಿಂದೇ ಆಗಿದ್ರೆ ಕಳ್ಳಿ ಹಾಗೆ ಯಾಕೆ ಬಂದೆ ಅಕ್ಕಾ?"

ಅಷ್ಟು ಅಂದು ಚಿಕ್ಕವಳು ಕಣ್ಣೊರೆಸಿಕೊಳ್ಳುತ್ತ ಗೇಟು ದಾಟಿ ಹೋದಳು. ದೊಡ್ಡವಳು ಯಾರ ಮುಖವನ್ನೂ ನೋಡದೆ ಸ್ಪ್ಯಾನರ್ ತೆಗೆದುಕೊಂಡಳು. ಎಂಜಿನ್ ಆರುವುದನ್ನು ಕಾದು, ಒಂದೊಂದೇ ಬೋಲ್ಟ್ ಸಡಿಲಿಸಿ ಕೊಳವೆ ಬಿಚ್ಚಿದಳು. ಗ್ಯಾಸ್ಕೆಟ್ ಹೊರಗೆ ಬಂತು. ಅವಳು ಸದ್ದು ಕೇಳಿದ ಮೂಲೆಯಲ್ಲೇ ಕೂದಲಿನಷ್ಟು ಸಣ್ಣ ಸೀಳು. ಒಂದಿಷ್ಟೂ ಆಚೀಚೆ ಇಲ್ಲ.

"ಅಪ್ಪಾ, ನೋಡಿಲ್ಲಿ! ನಾನು ಹೇಳಿದ್ದೇ ಸರಿ!" ಅಂತ ಎತ್ತಿ ಹಿಡಿದಳು.

"ಅವರು ಆಗ್ಲೇ ಅವಳ ಹಿಂದೆ ಹೋದ್ರಮ್ಮಾ" ಅಂದರು ನರ್ಸಮ್ಮ. "ಬೇಡ ಅಂದೆ, ಕೇಳಲಿಲ್ಲ."

ಆ ಮಂಡಿಯಲ್ಲಿ, ಗೇಟು ದಾಟಿ, ಒಬ್ಬನೇ! ಬಾಗಿಲಿಂದ ಈಚೆಗೆ ನಾಲ್ಕು ಹೆಜ್ಜೆ ಬರಬೇಕಾದರೂ ಕುಂಟುವವನು! ತನ್ನನ್ನು ಹುಡುಕಿಕೊಂಡು ಅಪ್ಪ ಹೀಗೆ ಯಾವತ್ತಾದರೂ ಹೋಗಿದ್ದನಾ ಅಂತ ದೊಡ್ಡವಳು ನೆನಪು ಮಾಡಿಕೊಳ್ಳಲು ನೋಡಿದಳು. ಇಲ್ಲ. ಹೋಗುವುದಾದರೂ ಹೇಗೆ, ಅವಳು ಒಂದು ದಿನವೂ ಈ ಗ್ಯಾರೇಜು ಬಿಟ್ಟು ಹೋದವಳಲ್ಲ.